ಬಹುಕರೆನ್ಸಿ ಬೆಲೆ ಪ್ರದರ್ಶನ

ಆನ್‌ಲೈನ್ ಮಳಿಗೆಯ ಖರೀದಿ ಬುಟ್ಟಿಯಲ್ಲಿ ಒಂದೇ ವಸ್ತುವಿನ ಬೆಲೆಯನ್ನು ಒಂದಕ್ಕಿಂತ ಹೆಚ್ಚು ದೇಶಗಳ ಕರೆನ್ಸಿಗಳಲ್ಲಿ ತೋರಿಸುವ ವ್ಯವಸ್ಥೆಯನ್ನು ಬಹುಕರೆನ್ಸಿ ಬೆಲೆ ಪ್ರದರ್ಶನ ಎನ್ನುತ್ತಾರೆ. ಹೀಗೆ ತೋರಿಸಿದ ಬೆಲೆಯೂ ಗ್ರಾಹಕರ ಖಾತೆಯಿಂದ ಕಡಿತವಾಗುವ ಮೊತ್ತವೂ ಒಂದೇ ಆಗಿರಬೇಕೆಂದಿಲ್ಲ. ತೋರಿಕೆಯ ಕರೆನ್ಸಿ ರೂಪಾಯಿಯಾಗಿದ್ದು ಪಾವತಿಯ ಕರೆನ್ಸಿ ಡಾಲರ್ ಆಗಿರಬಹುದು. ಆಗ ಪರದೆಯ ಮೇಲಿನ ರೂಪಾಯಿ ಬೆಲೆಯು ಕೇವಲ ಅಂದಾಜು.

ವಿಧಾನಗಳು

ಮಾರಾಟಗಾರರು ಪ್ರತಿ ದೇಶಕ್ಕೂ ಪ್ರತ್ಯೇಕ ಬೆಲೆಯನ್ನು ನಿಗದಿಪಡಿಸಬಹುದು. ಆಗ ವಿನಿಮಯ ದರದ ಏರಿಳಿತದ ಹೊಣೆ ಅವರದೇ. ಇಲ್ಲವೆ ಮೂಲ ಬೆಲೆಯನ್ನು ಆಯಾ ಹೊತ್ತಿನ ದರದಿಂದ ಪರಿವರ್ತಿಸಬಹುದು. ಈ ಎರಡನೆಯ ವಿಧಾನದಲ್ಲಿ ವಸ್ತುವು ಬುಟ್ಟಿ ಸೇರಿದ ದಿನಕ್ಕೂ ಹಣ ತೆತ್ತ ದಿನಕ್ಕೂ ಬೆಲೆ ಬದಲಾಗುವುದುಂಟು.

ಪೂರ್ಣಾಂಕ ಮತ್ತು ಸಂಕೇತಗಳು

ಬೆಲೆಗಳನ್ನು ಸಮೀಪದ ಪೂರ್ಣಾಂಕಕ್ಕೆ ತರುವಾಗ ವ್ಯತ್ಯಾಸ ನುಸುಳುತ್ತದೆ. ಒಂದು ಡಾಲರಿಗೆ 85.30 ರೂಪಾಯಿ ಎಂದಿಟ್ಟುಕೊಳ್ಳೋಣ. 4.99 ಡಾಲರಿನ ಒಂದು ವಸ್ತುವಿಗೆ 425.65, ಅಂದರೆ 426 ರೂಪಾಯಿ. ಅಂಥ ಮೂರಕ್ಕೆ 1,278. ಮೂರರ ಮೊತ್ತವಾದ 14.97 ಡಾಲರನ್ನು ಒಮ್ಮೆಗೇ ಪರಿವರ್ತಿಸಿದರೆ 1,277. ಶಾಲೆಯ ಲೆಕ್ಕದಲ್ಲಿ ಎರಡಕ್ಕೂ ಅಂಕ ಕೊಡಬಹುದು. ಬಿಲ್ಲಿನಲ್ಲಿ ಒಂದೇ ಉತ್ತರವಿರಬೇಕು. ಆದ್ದರಿಂದ ಯಾವ ಹಂತದಲ್ಲಿ ಪೂರ್ಣಾಂಕಕ್ಕೆ ತರಬೇಕೆಂಬುದನ್ನು ಮೊದಲೇ ನಿರ್ಧರಿಸಿರುತ್ತಾರೆ.

ರೂಪಾಯಿಗೆ 100 ಪೈಸೆಗಳಿರುವಂತೆ ಕುವೈತ್ ದಿನಾರಿಗೆ 1,000 ಫಿಲ್ಸ್‌ಗಳಿವೆ. ಜಪಾನಿನ ಯೆನ್‌ಗೆ ಚಲಾವಣೆಯಲ್ಲಿ ಉಪಘಟಕವೇ ಇಲ್ಲ. ಇದನ್ನು ಮರೆತು ಯೆನ್ ಮೊತ್ತವನ್ನೂ ನೂರರಿಂದ ಗುಣಿಸುವ ತಂತ್ರಾಂಶವು ಗ್ರಾಹಕರಿಂದ ನೂರು ಪಟ್ಟು ಹಣ ಕೇಳುತ್ತದೆ. ಡಾಲರ್ ಚಿಹ್ನೆಯನ್ನು ಅಮೆರಿಕ, ಕೆನಡಾ, ಆಸ್ಟ್ರೇಲಿಯ, ಸಿಂಗಾಪುರಗಳೆಲ್ಲ ಬಳಸುವುದರಿಂದ ಚಿಹ್ನೆಯೊಂದೇ ಸಾಲದು; ಐಎಸ್‌ಒ 4217 ಮಾನದಂಡದ ಮೂರಕ್ಷರದ ಸಂಕೇತವನ್ನೂ ನಮೂದಿಸುವುದು ಲೇಸು. ಭಾರತೀಯ ರೂಪಾಯಿಯ ಸಂಕೇತ ಐಎನ್‌ಆರ್. ರೂಪಾಯಿಗೆ ತನ್ನದೇ ಚಿಹ್ನೆ ದೊರೆತದ್ದು 2010ರಲ್ಲಿ.

ಪಾವತಿ ಮತ್ತು ಶುಲ್ಕ

ವಿದೇಶಿ ಕರೆನ್ಸಿಯಲ್ಲಿ ಪಾವತಿಸಿದಾಗ ಕಾರ್ಡ್ ನೀಡಿದ ಬ್ಯಾಂಕು ಸಾಮಾನ್ಯವಾಗಿ ಪರಿವರ್ತನಾ ಶುಲ್ಕವನ್ನು ಸೇರಿಸುತ್ತದೆ. ಇದನ್ನು ತಪ್ಪಿಸುವಂತೆ ಕಾಣುವ ಇನ್ನೊಂದು ಏರ್ಪಾಡು ಡೈನಾಮಿಕ್ ಕರೆನ್ಸಿ ಕನ್ವರ್ಷನ್. ಇದರಲ್ಲಿ ವ್ಯಾಪಾರಿಯ ಕಡೆಯಿಂದಲೇ ಮೊತ್ತವು ಗ್ರಾಹಕರ ಕರೆನ್ಸಿಗೆ ಬದಲಾಗುತ್ತದೆ. ಮೊತ್ತವು ಅಲ್ಲೇ ಖಚಿತವಾಗುವುದು ಅನುಕೂಲವೇ ಸರಿ, ಆದರೆ ದರದೊಳಗೆ ಲಾಭಾಂಶ ಸೇರಿರುವುದರಿಂದ ಬಹುಪಾಲು ಸಂದರ್ಭಗಳಲ್ಲಿ ಇದು ದುಬಾರಿ. ವಿದೇಶದಲ್ಲಿ ನೋಂದಾಯಿತ ವ್ಯಾಪಾರಿಗೆ ರೂಪಾಯಿಯಲ್ಲೇ ಪಾವತಿಸಿದರೂ ಭಾರತದ ಕೆಲವು ಬ್ಯಾಂಕುಗಳು ಪ್ರತ್ಯೇಕ ಶುಲ್ಕ ವಿಧಿಸುತ್ತವೆ. ಯುರೋಪಿಯನ್ ಒಕ್ಕೂಟದ 2019ರ ನಿಯಮವು ಕಾರ್ಡ್ ಪಾವತಿಯ ಇಂಥ ಪರಿವರ್ತನಾ ಶುಲ್ಕವನ್ನು ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ಉಲ್ಲೇಖ ದರಕ್ಕೆ ಹೋಲಿಸಿ, ಶೇಕಡಾವಾರು ರೂಪದಲ್ಲಿ ಮುಂಚಿತವಾಗಿ ತಿಳಿಸಬೇಕೆಂದು ವಿಧಿಸಿದೆ.

ವಸ್ತುವನ್ನು ಹಿಂದಿರುಗಿಸಿದಾಗ ಮರುಪಾವತಿಯು ಸಾಮಾನ್ಯವಾಗಿ ಆ ದಿನದ ದರದಲ್ಲಿ ನಡೆಯುತ್ತದೆ. ಮಾರಾಟಗಾರರು ಡಾಲರ್ ಲೆಕ್ಕದಲ್ಲಿ ಪೂರ್ತಿ ಹಣ ಮರಳಿಸಿದರೂ ಗ್ರಾಹಕರ ಖಾತೆಗೆ ಬರುವ ರೂಪಾಯಿಗಳು ಕೊಟ್ಟದ್ದಕ್ಕಿಂತ ಕಡಿಮೆಯಾಗಬಹುದು, ಒಮ್ಮೊಮ್ಮೆ ಹೆಚ್ಚೂ ಆಗಬಹುದು.