ಪ್ರೊಪೆಲ್ಲರ್ ಶಾಫ್ಟ್ ಮಾರ್ಪಾಡು
ಹಳೆಯ ಕಾರಿಗೆ ಬೇರೆ ಎಂಜಿನ್ ಕೂರಿಸಿದಾಗ, ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಬಲ ಒಯ್ಯುವ ಕೊಳವೆಯನ್ನು ಹೊಸ ಅಳತೆಗೆ ಹೊಂದಿಸುವ ಕೆಲಸ. 1489 ಸಿಸಿ ಅಂಬಾಸಿಡರ್‌ಗೆ ಇಸುಜು ಎಂಜಿನ್ನು, ಐದು ಗೇರಿನ ಪೆಟ್ಟಿಗೆ ಹಾಕುವುದು ಪರಿಚಿತ ಉದಾಹರಣೆ. ಬೆಂಗಳೂರಿನಲ್ಲಿ ಹಳೆಯ ಶಾಫ್ಟಿಗೆ ಶಿವಾಜಿನಗರದ ಗುಜರಿ ಅಂಗಡಿಗಳೇ ಮೊದಲ ಮೆಟ್ಟಿಲು.

ಕಾರಿನ ಭಾರ ಚಕ್ರಗಳ ಮೇಲಿರುವಾಗಲೇ ಅಳತೆ ತೆಗೆಯಬೇಕು. ಜಾಕಿನ ಮೇಲೆ ಎತ್ತಿ, ಆಕ್ಸಲ್ ಜೋತಾಡುವಾಗ ಅಳೆದದ್ದು ಸುಳ್ಳು ಲೆಕ್ಕ. ಕೊಳವೆ ಕತ್ತರಿಸಿ, ಲೇತ್‌ನಲ್ಲಿ ನೇರ ನೋಡಿ ಬೆಸೆಯುತ್ತಾರೆ. ಎರಡೂ ತುದಿಯ ಯೋಕ್‌ಗಳು (ಕವಲುಗಳು) ಒಂದೇ ನೇರಕ್ಕಿರಬೇಕು, ಕ್ರಾಸ್‌ಗಳ (ಕೀಲುಗಳ) ಕೋನ ಸಮನಾಗಿರಬೇಕು. ತಪ್ಪಿದರೆ ವೇಗ ಏರಿದಂತೆ ಕಾರು ನಡುಗುತ್ತದೆ. ಶಾಫ್ಟಿನ ಬ್ಯಾಲೆನ್ಸಿಂಗ್‌ನಲ್ಲಿ ಜಿಪುಣತನ ಸಲ್ಲದು. ಎಂಜಿನ್ ಬದಲಾವಣೆಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅನ್ವಯಿಸುತ್ತದೆ. ಅದರ ಅನುಮತಿಗೆ, ಕೆಎ-03 ನೋಂದಣಿಯ ಗಾಡಿಯಾದರೆ ಬೆಂಗಳೂರು ಪೂರ್ವ ಆರ್‌ಟಿಒ ಕಚೇರಿಗೆ ಹೋಗಬೇಕು.