ಪಿಕಪ್ ವಾಹನದ ಕ್ರೌನ್-ಪಿನಿಯನ್ ಬದಲಾವಣೆ: ತಿಳಿದಿರಬೇಕಾದ ಸಂಗತಿಗಳು

ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು, 2019ರಲ್ಲಿ 2,050 ಮೆಗಾವಾಟ್ ಸಾಮರ್ಥ್ಯ ತಲುಪಿದ ಸೌರ ವಿದ್ಯುತ್ ಪಾರ್ಕ್‌ನ ಐದು ಗ್ರಾಮಗಳಲ್ಲೊಂದು. ಈ ಬಯಲು ಸೀಮೆಯ ಮಣ್ಣುದಾರಿ, ಮರಳಿನ ಹಳ್ಳಗಳಲ್ಲಿ ಹೊರೆ ಹೊತ್ತ ಪಿಕಪ್‌ನ ಒಂದು ಹಿಂಚಕ್ರ ಹೂತು ಗಿರಗಿರನೆ ತಿರುಗತೊಡಗಿದರೆ, ಇನ್ನೊಂದು ಚಕ್ರ ಅಲುಗದೆ ನಿಲ್ಲುತ್ತದೆ. ಇದಕ್ಕೆ ಕಾರಣ ಹಿಂದಿನ ಅಚ್ಚಿನಲ್ಲಿರುವ ಡಿಫರೆನ್ಷಿಯಲ್.

ತಿರುವಿನಲ್ಲಿ ಹೊರಗಿನ ಚಕ್ರವು ಒಳಗಿನದಕ್ಕಿಂತ ಹೆಚ್ಚು ದೂರ ಕ್ರಮಿಸಬೇಕು. ಅದಕ್ಕೆ ಡಿಫರೆನ್ಷಿಯಲ್ ಅವಕಾಶ ನೀಡುತ್ತದೆ. ಆದರೆ ಒಂದು ಚಕ್ರ ಹಿಡಿತ ಕಳೆದುಕೊಂಡಾಗ ಇನ್ನೊಂದಕ್ಕೂ ಬಲ ಸಿಗದು. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ನಲ್ಲಿ ಸ್ಪ್ರಿಂಗ್ ಒತ್ತಡಕ್ಕೊಳಗಾದ ಕ್ಲಚ್ ತಟ್ಟೆಗಳು ಈ ವ್ಯತ್ಯಾಸಕ್ಕೆ ಕಡಿವಾಣ ಹಾಕುತ್ತವೆ. ತಟ್ಟೆಗಳು ಸವೆದರೆ ಅದು ಸಾಮಾನ್ಯ ಡಿಫರೆನ್ಷಿಯಲ್‌ನಂತೆಯೇ ವರ್ತಿಸುತ್ತದೆ.

ಹಲ್ಲುಗಳ ಲೆಕ್ಕ

ಕ್ರೌನ್‌ನಲ್ಲಿ 41, ಪಿನಿಯನ್‌ನಲ್ಲಿ 11 ಹಲ್ಲುಗಳಿದ್ದರೆ ಅನುಪಾತ 3.73. ಪಿನಿಯನ್‌ಗೆ 9 ಹಲ್ಲುಗಳಿದ್ದರೆ ಅದು 4.56. ಆಗ ಚಕ್ರಕ್ಕೆ ದೊರೆಯುವ ಎಳೆತ ಸುಮಾರು ಶೇ 22ರಷ್ಟು ಹೆಚ್ಚುತ್ತದೆ. ಅದೇ ವೇಗಕ್ಕೆ ಎಂಜಿನ್ ಸಹ ಅಷ್ಟೇ ಹೆಚ್ಚು ಸುತ್ತಬೇಕಾಗುತ್ತದೆ. ನಾಲ್ಕು ಚಕ್ರ ಚಾಲನೆಯ ವಾಹನವಾದರೆ ಮುಂದಿನ ಅಚ್ಚಿಗೂ ಅದೇ ಅನುಪಾತ ಕಡ್ಡಾಯ. ನೋಂದಣಿ ಪತ್ರದಲ್ಲಿನ ಭಾರಮಿತಿ ಮಾತ್ರ ಇದರಿಂದ ಹೆಚ್ಚುವುದಿಲ್ಲ.

ಜೋಡಣೆಯ ಕ್ರಮ

ಕ್ರೌನ್ ಮತ್ತು ಪಿನಿಯನ್‌ಗಳನ್ನು ಜೋಡಿಯಾಗಿಯೇ ಬದಲಿಸಬೇಕು. ಪಿನಿಯನ್‌ನ ಆಳವನ್ನು ಶಿಮ್‌ಗಳಿಂದ ಹೊಂದಿಸಿ, ಬೇರಿಂಗ್‌ನ ಬಿಗಿತವನ್ನೂ ಹಲ್ಲುಗಳ ನಡುವಣ ಸಡಿಲವನ್ನೂ ಅಳೆಯಬೇಕು. ಈ ಸಡಿಲ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ಮಾತ್ರ. ನಿಖರ ಅಳತೆಗೆ ತಯಾರಕರ ಕೈಪಿಡಿಯೇ ಆಧಾರ. ಬಳಿಕ ಹಲ್ಲುಗಳಿಗೆ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ಅಂಚಿಗೆ ಸರಿಯದೆ ನಡುಭಾಗದಲ್ಲಿ ಮೂಡುವುದನ್ನು ಖಚಿತಪಡಿಸಿಕೊಳ್ಳಬೇಕು. ಇಲ್ಲಿ ತಪ್ಪಿದರೆ ಮೊದಲು ಕೊರೆಯುವ ಸದ್ದು ಬರುತ್ತದೆ, ನಂತರ ಹಲ್ಲು ಮುರಿಯುತ್ತದೆ.

ಕ್ಲಚ್ ತಟ್ಟೆಗಳನ್ನು ಬಿಚ್ಚುವಾಗ ಅವುಗಳ ಕ್ರಮವನ್ನು ಗುರುತಿಟ್ಟುಕೊಳ್ಳಬೇಕು. ಹೊಸ ತಟ್ಟೆಗಳನ್ನು ಎಣ್ಣೆಯಲ್ಲಿ ನೆನೆಸಿ, ಅದೇ ಕ್ರಮದಲ್ಲಿ ಒಂದರ ಮೇಲೊಂದು ಕೂರಿಸಬೇಕು. ಕೈಪಿಡಿ ಸೂಚಿಸಿದ ಗೇರ್ ಎಣ್ಣೆಗೆ ಬದಲಾಗಿ ಸಾಮಾನ್ಯ ಎಣ್ಣೆ ಸುರಿದರೆ ತಿರುವುಗಳಲ್ಲಿ ತಟ್ಟೆಗಳು ಅದುರುತ್ತವೆ. ಹೊಸ ಗೇರ್‌ಗಳು ಪರಸ್ಪರ ಹೊಂದಿಕೊಳ್ಳುವವರೆಗೆ, ಅಂದರೆ ಮೊದಲ ಕೆಲವು ನೂರು ಕಿಲೋಮೀಟರ್, ಭಾರಿ ಹೊರೆ ಸಲ್ಲದು.

ಎಚ್ಚರಿಕೆ

ಇಂಥ ಡಿಫರೆನ್ಷಿಯಲ್ ಇರುವ ವಾಹನದ ಒಂದೇ ಹಿಂಚಕ್ರವನ್ನು ಜಾಕ್‌ನಿಂದ ಎತ್ತಿ, ಎಂಜಿನ್ ಚಾಲೂ ಮಾಡಿ ಗೇರ್‌ಗೆ ಹಾಕಬಾರದು. ನೆಲಕ್ಕೆ ತಾಗಿದ ಚಕ್ರವು ವಾಹನವನ್ನು ಜಾಕ್‌ನಿಂದ ಕೆಳಕ್ಕೆ ಎಳೆದು ಅಡಿಯಲ್ಲಿರುವವರ ಪ್ರಾಣಕ್ಕೇ ಸಂಚಕಾರ ತಂದೀತು. ಪರೀಕ್ಷಿಸುವ ಮುನ್ನ ಎರಡೂ ಹಿಂಚಕ್ರಗಳನ್ನೆತ್ತಿ, ಅಚ್ಚಿಗೆ ಭದ್ರವಾದ ಸ್ಟ್ಯಾಂಡ್‌ಗಳ ಆಸರೆ ಕೊಟ್ಟು, ಮುಂಚಕ್ರಗಳಿಗೆ ಅಡ್ಡಗಟ್ಟೆ ಇಡುವುದು ಅಗತ್ಯ. ನಾಲ್ಕು ಚಕ್ರ ಚಾಲನೆಯಿದ್ದರೆ ಅದನ್ನು ಎರಡು ಚಕ್ರಕ್ಕೆ ಬದಲಿಸಿರಬೇಕು.