ಮೇಷ್ಟ್ರಿಗೆ ಪಾಠ ಹೇಳೋರು ಯಾರು?

ಮೊನ್ನೆ ಒಂದು ಮಾತು ಆಡಿ ಆಮೇಲೆ ಪೇಚಾಡಿಕೊಂಡೆ. ನಮ್ಮ ಶಾಲೆಗೆ ಹೊಸದಾಗಿ ಬಂದ ಮೇಡಂ ಒಬ್ಬರು, "ಸರ್, ನಾಲ್ಕು ಐದು ಎರಡೂ ಕ್ಲಾಸು ಒಂದೇ ರೂಮಲ್ಲಿ. ಒಂದಕ್ಕೆ ಹೇಳ್ತಿದ್ರೆ ಇನ್ನೊಂದು ಗಲಾಟೆ ಮಾಡುತ್ತೆ, ಏನ್ಮಾಡ್ಲಿ?" ಅಂತ ಕೇಳಿದರು. ನಾನು ಮಕ್ಕಳ ಮಾಹಿತಿಯನ್ನು ಕಂಪ್ಯೂಟರಿಗೆ ತುಂಬುತ್ತಾ ಕೂತಿದ್ದೆ. ತಲೆ ಎತ್ತದೇ, "ಟ್ರೈನಿಂಗ್‌ನಲ್ಲಿ ಹೇಳಿಕೊಡ್ಲಿಲ್ವೇನ್ರೀ?" ಅಂದುಬಿಟ್ಟೆ. ಅವರು ಸುಮ್ಮನೆ ಹೋದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಮೇಷ್ಟ್ರನ್ನು ತಯಾರು ಮಾಡೋದು ಹೇಗೆ ಅನ್ನುವ ಈ ಪ್ರಶ್ನೆಗೆ ಇನ್ನೂರು ವರ್ಷಕ್ಕೂ ಮೀರಿದ ಕಥೆ ಇದೆ. ಅದರ ಒಂದು ತುದಿ ನಮ್ಮ ಬಳ್ಳಾರಿಯಲ್ಲೇ ಇದೆ!

1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಶಾಲೆಗಳ ಲೆಕ್ಕ ಬರೆದು ಮದ್ರಾಸಿಗೆ ಕಳಿಸಿದ. 533 ಶಾಲೆ, 6,641 ಮಕ್ಕಳು. ನಮ್ಮಲ್ಲಿ ಕೂಲಿಮಠ ಅನ್ನುತ್ತಿದ್ದರಲ್ಲ, ಅಂಥವು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಮುಂದೆ ಹೋದ ಹುಡುಗ ಹಿಂದಿನವನಿಗೆ ಹೇಳಿಕೊಡುವುದು... ಇದು ಮೆಚ್ಚಬೇಕಾದ ಪದ್ಧತಿ, ಇಂಗ್ಲೆಂಡಿನವರು ಇದನ್ನು ಅನುಸರಿಸಿದ್ದು ಸರಿಯಾಗಿಯೇ ಇದೆ ಎಂದು ಅವನು ಬರೆದ. ಅದೇ ವರದಿಯಲ್ಲಿ ಒಂದು ಕೊರತೆಯನ್ನೂ ಹೇಳಿದ: ಸಮರ್ಥ ಉಪಾಧ್ಯಾಯರಿಲ್ಲ ಅಂತ.

ಇಂಗ್ಲೆಂಡಿನವರು ಅನುಸರಿಸಿದ್ದು ಹೇಗೆ? ಸ್ಕಾಟ್ಲೆಂಡಿನ ಆಂಡ್ರ್ಯೂ ಬೆಲ್ ಎಂಬ ಪಾದ್ರಿ 1789ರಲ್ಲಿ ಮದ್ರಾಸಿನ ಎಗ್ಮೋರಿನಲ್ಲಿದ್ದ ಗಂಡುಮಕ್ಕಳ ಅನಾಥಾಲಯದ ಮೇಲ್ವಿಚಾರಕನಾದ. ಅಲ್ಲಿನ ನಾಡ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲೂ ಮಾಡಿಸಹೊರಟ. ಅಲ್ಲಿನ ಉಪಾಧ್ಯಾಯರು ಒಪ್ಪಲಿಲ್ಲ. ಕೊನೆಗೆ ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನ ಕೈಗೆ ಕೆಲಸ ಕೊಟ್ಟ. ಹುಡುಗ ಗೆದ್ದ. 1797ರಲ್ಲಿ ಬೆಲ್‌ನ ವರದಿ ಲಂಡನ್ನಿನಲ್ಲಿ ಅಚ್ಚಾಯಿತು. ಮರುವರ್ಷ ಜೋಸೆಫ್ ಲಂಕಾಸ್ಟರ್ ಅಲ್ಲಿ ಶುರುಮಾಡಿದ ಶಾಲೆಯಲ್ಲೂ ಇದೇ ಬಗೆಯ ಪಾಠ. ಒಬ್ಬ ಮೇಷ್ಟ್ರು, ನೂರಾರು ಮಕ್ಕಳು, ನಡುವೆ ಪಾಠ ಒಪ್ಪಿಸುವ ಮಾನಿಟರ್‌ಗಳು. ಖರ್ಚು ಕಮ್ಮಿ ನೋಡಿ, ಎಲ್ಲರಿಗೂ ಇಷ್ಟವಾಯಿತು.

ಆದರೆ ಮಾನಿಟರ್ ಹುಡುಗ ತಾನು ಕಲಿತಷ್ಟನ್ನೇ ಹೇಳಬಲ್ಲ. ಅವನಿಗೆ ಹೇಳಿಕೊಡೋರು ಯಾರು? 1846ರಲ್ಲಿ ಕೇ-ಶಟಲ್‌ವರ್ತ್ ಇದಕ್ಕೊಂದು ದಾರಿ ಹುಡುಕಿದ. ಹದಿಮೂರು ತುಂಬಿದ ಹುಡುಗ, ಹುಡುಗಿಯರು ಒಬ್ಬ ಹೆಡ್‌ಮಾಸ್ಟರ ಬಳಿ ಐದು ವರ್ಷ ಇದ್ದು ಪಾಠ ಮಾಡುತ್ತಾ ಕಲಿಯಬೇಕು. ಅವರಿಗೆ ವರ್ಷಕ್ಕೆ 10 ಪೌಂಡಿನಿಂದ ಶುರುವಾಗಿ 20ರವರೆಗೆ ಸ್ಟೈಪೆಂಡ್. ಶಾಲೆಯ ವೇಳೆಯ ಹೊರಗೆ ದಿನಾ ಒಂದೂವರೆ ಗಂಟೆ ಅವರಿಗೆ ಹೇಳಿಕೊಡುವ ಹೆಡ್‌ಮಾಸ್ಟರಿಗೂ ಹಣ: ಒಬ್ಬರಿದ್ದರೆ 5 ಪೌಂಡ್, ಇಬ್ಬರಿದ್ದರೆ 9. ಅಂದರೆ ಕಿರಿಯರನ್ನು ತಿದ್ದುವುದೂ ಒಂದು ಕೆಲಸ, ಅದಕ್ಕೂ ಸಮಯ ಬೇಕು, ಸಂಬಳ ಬೇಕು ಅಂತ ಸರ್ಕಾರವೇ ಒಪ್ಪಿಕೊಂಡಿತ್ತು! 1862ರ ಹೊಸ ನಿಯಮ ಈ ಹಣಕ್ಕೆ ಕತ್ತರಿ ಹಾಕಿತು. ಕೆಲವೇ ವರ್ಷಗಳಲ್ಲಿ ಅಂಥ ಕಿರಿಯರ ಸಂಖ್ಯೆ ಕುಸಿಯಿತು.

ಇತ್ತ ನಮ್ಮ ದೇಶಕ್ಕೆ 1854ರಲ್ಲಿ ಬಂದ ಚಾರ್ಲ್ಸ್ ವುಡ್‌ನ ಆದೇಶ ನಾರ್ಮಲ್ ಶಾಲೆ, ಅಂದರೆ ಉಪಾಧ್ಯಾಯರ ತರಬೇತಿ ಶಾಲೆ ತೆರೆಯಿರಿ ಎಂದಿತು. ಹೇಳಿಕೊಡುವ ಹೆಡ್‌ಮಾಸ್ಟರಿಗೆ ಸಣ್ಣ ಸಂಭಾವನೆ ಕೊಡುವ ಇಂಗ್ಲೆಂಡಿನ ಕ್ರಮದ ಮಾತೂ ಅದರಲ್ಲಿತ್ತು. ನಮ್ಮಲ್ಲಿ ಗಟ್ಟಿಯಾಗಿ ನಿಂತದ್ದು ಮಾತ್ರ ತರಬೇತಿ ಶಾಲೆ ಮತ್ತು ಸರ್ಟಿಫಿಕೇಟು. 1986ರ ಶಿಕ್ಷಣ ನೀತಿಯಿಂದ ಡಯಟ್‌ಗಳು ಬಂದವು, ಆಮೇಲೆ ಕ್ಲಸ್ಟರ್ ಕೇಂದ್ರಗಳು, ಸಿಆರ್‌ಪಿಗಳು. 2020ರ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಯ ವೃತ್ತಿ ತರಬೇತಿ, ಮಾರ್ಗದರ್ಶಕರ ಒಂದು ರಾಷ್ಟ್ರೀಯ ಮಿಷನ್ ಎಂದಿದೆ. ಎಲ್ಲಾ ಒಳ್ಳೆಯದೇ. ಆದರೆ ಪಕ್ಕದ ಕೋಣೆಯಲ್ಲಿರುವ ಹಿರಿಯ ಮೇಷ್ಟ್ರ ವೇಳಾಪಟ್ಟಿಯಲ್ಲಿ ಇದಕ್ಕೊಂದು ಪೀರಿಯಡ್ ನಾನಂತೂ ಕಂಡಿಲ್ಲ.

ನಾನು ಟಿಸಿಎಚ್ ಮುಗಿಸಿ ಕೆಲಸಕ್ಕೆ ಸೇರಿದಾಗ ನನಗೂ ನಾಲ್ಕು ತರಗತಿ, ಒಂದೇ ಕೋಣೆ. ಮೊದಲ ವಾರವೇ ಗಂಟಲು ಹೋಯಿತು. ಅಲ್ಲಿದ್ದ ಹಿರಿಯ ಮೇಷ್ಟ್ರು ಎರಡು ದಿನ ಹಿಂದಿನ ಸಾಲಿನಲ್ಲಿ ಕೂತು ನೋಡಿ, "ನಾಲ್ಕಕ್ಕೂ ಪಾಠ ಹೇಳೋಕೆ ಹೋಗ್ಬೇಡ ಮಾರಾಯ. ಮೂರಕ್ಕೆ ಕೆಲಸ ಕೊಡು, ಒಂದಕ್ಕೆ ಹೇಳು" ಅಂದರು. ಅಷ್ಟೇ! ಎರಡು ವರ್ಷದ ಟ್ರೈನಿಂಗ್‌ನಲ್ಲಿ ಸಿಗದ ಸೂತ್ರ. ಯಾರೂ ಅವರಿಗೆ ಐದು ಪೌಂಡ್ ಕೊಟ್ಟಿರಲಿಲ್ಲ.

ಮರುದಿನ ಮೇಡಂ ಹತ್ತಿರ ಹೋಗಿ, "ನಿನ್ನೆ ಹಾಗಂದಿದ್ದು ತಪ್ಪಾಯ್ತು. ಇವತ್ತು ನಿಮ್ಮ ಕ್ಲಾಸಲ್ಲಿ ಹಿಂದೆ ಕೂರ್ಲಾ?" ಅಂದೆ. ಈಗ ಸಂಜೆ ಅರ್ಧ ಗಂಟೆ ಕೂತು ಮಾತಾಡುತ್ತೇವೆ. ಮಾಹಿತಿ ತುಂಬೋದು ರಾತ್ರಿ ಮನೆಯಲ್ಲಿ. ಇದು ಪರಿಹಾರವಲ್ಲ, ಗೊತ್ತು. ಈ ಅರ್ಧ ಗಂಟೆಯನ್ನು ಇಲಾಖೆ ಕೆಲಸವೆಂದು ಲೆಕ್ಕಕ್ಕೆ ಹಿಡಿಯುವವರೆಗೆ ಅದು ಒಬ್ಬೊಬ್ಬರ ಒಳ್ಳೆಯತನದ ಮೇಲೆ ನಿಂತಿರುತ್ತದೆ. ಮತ್ತೆ ನನ್ನ ಒಳ್ಳೆಯತನ ಎಷ್ಟು ಗಟ್ಟಿ ಅಂತ ಮೊನ್ನೆ ನೋಡಿದಿರಲ್ಲ...